ಪದ್ಮತ್ತೆಗೊಂದು ಜೋಗುಳ

ಶಹಾಪುರದ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಬೈಗುಳ. ಗೋಡೆಯಾಚೆ ಒಬ್ಬ ಹೆಂಗಸು ನಾಗವ್ವ ಎನ್ನುವವಳ ಮೂಗು, ನಡಿಗೆ, ಅಡುಗೆ ಎಲ್ಲವನ್ನೂ ಹೆಸರು ಹಿಡಿದು ಹಳಿಯುತ್ತಿದ್ದಳು. ಜೊತೆಗೆ ಪಟಪಟ ಹೊಡೆತದ ಸದ್ದು. ಗಾಬರಿಯಿಂದ ಹೋಗಿ ಇಣುಕಿದರೆ, ಮನೆಯ ಒಡತಿ ನೀಲಮ್ಮ ಜೋಳದ ರೊಟ್ಟಿ ತಟ್ಟುತ್ತಾ, ಕಾಲಬೆರಳಿಗೆ ಸುತ್ತಿಕೊಂಡ ಹಗ್ಗದಿಂದ ಮೊಮ್ಮಗನ ತೊಟ್ಟಿಲು ತೂಗುತ್ತಿದ್ದರು. ಅದು ಜೋಗುಳವಾಗಿತ್ತು. ಕೂಸು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿತ್ತು.

ಮೈಸೂರಿನ ನನ್ನ ಜನರೇ, ನಮ್ಮಲ್ಲಿ ಜಗಳವೂ 'ಬೇಜಾರು ಮಾಡ್ಕೋಬೇಡಿ' ಎಂದೇ ಶುರುವಾಗುತ್ತದೆ. ಇಲ್ಲಿ ಊಟಕ್ಕೆ ಕರೆಯುವುದೂ ಜಗಳದ ಹಾಗೆ ಕೇಳಿಸುತ್ತದೆ. ಮೊದಲ ವಾರ ನೀಲಮ್ಮ ಬಾಗಿಲು ಬಡಿದು, ಉಂಡೆಯೋ ಇಲ್ಲವೋ ಎಂದು ಗದರಿಸಿ, ಪುಂಡಿಪಲ್ಯದ ಬಟ್ಟಲು ಕೈಗಿತ್ತು ಹೋದಾಗ ನಾನು ಕೂತು ಅತ್ತಿದ್ದೆ. ಆ ಹುಳಿಸೊಪ್ಪಿನ ಪಲ್ಯವನ್ನು ಅಳುತ್ತಲೇ ಬಟ್ಟಲು ಖಾಲಿಯಾಗುವವರೆಗೂ ತಿಂದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಲು ಬಂದವಳು ನಾನು. ಗಂಡ ಕೆಲಸ ಬಿಡಲಾಗದೆ ಮೈಸೂರಲ್ಲೇ ಉಳಿದರು. ಕಾದ ಕಲ್ಲಿನ ಚಾವಣಿಯ ಎರಡು ಕೋಣೆಯಲ್ಲಿ ನಾನು ಮತ್ತು ಎರಡು ವರ್ಷ ದಾಟಿದರೂ ಒಂದು ಮಾತನ್ನೂ ಆಡದ ಮಗಳು ಮಿಥು.

ಅವಳು ಮಾತಾಡದ್ದಕ್ಕೆ ಕಾರಣ ಯಾರೆಂದು ನನ್ನ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಗಂಡನ ಅಕ್ಕ, ಪದ್ಮ ಅತ್ತಿಗೆ. ಮೈಸೂರಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು; ಅಲ್ಲೇ ಅವರು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಮಿಥು ಮೂರು ತಿಂಗಳ ಕೂಸಾಗಿದ್ದಾಗ ನಾನು ಏನೋ ಗುನುಗುತ್ತಿದ್ದೆ. ಶಿಷ್ಯೆಯರ ಎದುರಿಗೇ ಅವರು, "ಶ್ರುತಿ ಇಲ್ಲದ್ದು ಕೇಳಿಸಿದ್ರೆ ಮಗು ಕಿವಿ ಕೆಡುತ್ತೆ. ನೀನು ಸುಮ್ನಿರಮ್ಮ," ಎಂದು ಮೊಬೈಲಿನಲ್ಲಿ ಒಳ್ಳೆಯ ಹಾಡು ಹಚ್ಚಿಟ್ಟರು. ಅವತ್ತು ಮುಚ್ಚಿದ ಬಾಯಿ ನನ್ನದು. ಮುಂದೆ ಮಗು ಮಾತಾಡದಿದ್ದಾಗ, ತಾಯಿಯೇ ಮೂಗಿಯ ಹಾಗಿದ್ದರೆ ಇನ್ನೇನಾಗುತ್ತದೆ ಎಂದವರೂ ಅವರೇ. ಕಿವಿ ಚೆನ್ನಾಗಿದೆ, ಮಾತಾಡಿಸಿ, ಹಾಡಿ ಎಂದು ಡಾಕ್ಟರು ಹೇಳಿದರೂ ನನ್ನ ದನಿ ಏಳಲಿಲ್ಲ. ವರ್ಗಾವಣೆ ಬಂದಾಗ ಎಲ್ಲರೂ ಅಯ್ಯೋ ಎಂದರು. ನಾನು ಆ ಮನೆಯಿಂದ ತಪ್ಪಿಸಿಕೊಂಡೆನೆಂದು ಒಳಗೊಳಗೇ ಕುಣಿದೆ.

ನಾನು ಶಾಲೆಗೆ ಹೋದಾಗ ಮಿಥುವನ್ನು ನೋಡಿಕೊಳ್ಳುತ್ತಿದ್ದ ನೀಲಮ್ಮನಿಗೆ ಇದನ್ನೆಲ್ಲ ಒಂದು ಭಾನುವಾರ ಮಧ್ಯಾಹ್ನ ಹೇಳಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಅಕ್ಕೋರ, ಕೂಸಿಗಿ ಹಾಡಾಕ ಪರೀಕ್ಷಾ ಪಾಸ್ ಆಗಬೇಕೇನ್ರಿ? ನಾ ನಮ್ಮ ನೆಗೆಣ್ಣಿ ನಾಗವ್ವಗ ದಿನಾ ಬೈಯ್ಯಾಕತ್ತೀನಿ. ಕೂಸಿಗಿ ಅರ್ಥ ಯಾಕ ಬೇಕು, ದನಿ ಬೇಕು. ನಿಮ್ಮ ಹೊಟ್ಯಾಗ ಏನೈತಿ, ಅದನ್ನ ಹಾಡ್ರಿ."

ನೀಲಮ್ಮನ ಮಗಳ ಬಾಣಂತನಕ್ಕೆ ಈ ಓರಗಿತ್ತಿ ನಾಗವ್ವ ಬಂದು ಮುಖ ತೋರಿಸಲಿಲ್ಲವಂತೆ. ಆ ಸಿಟ್ಟನ್ನು ನೀಲಮ್ಮ ತಮ್ಮ ತವರು ಬೋನಾಳದ ಧಾಟಿಯಲ್ಲಿ ದಿನಕ್ಕೆ ಎರಡು ಸಲ ಹಾಡಿ ಹಗುರಾಗುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಇದ್ದದ್ದು ಯಾರೆಂದು ನಿಮಗೆ ಗೊತ್ತೇ ಇದೆ. ಎದುರಿಗೆ ಯಾವತ್ತೂ ಬಹುವಚನ ಬಿಡದವಳು ಅದೇ ಬೋನಾಳದ ಧಾಟಿಯ ಹಾಡಿನಲ್ಲಿ ಏಕವಚನಕ್ಕೆ ಇಳಿದೆ:

ಪದ್ಮತ್ತೆ ಮೋರೆ ಹಾಗಲಕಾಯಿ, ಜೋ ಜೋ
ಅವಳ ಶ್ರುತಿಪೆಟ್ಟಿಗೆಗೆ ಗೆದ್ದಲು ಹತ್ತಲಿ, ಜೋ ಜೋ

ಎಷ್ಟು ಸುಖವಾಯಿತು ಎಂದರೆ ಮತ್ತೆ ಹಾಡಿದೆ. ಮಿಥು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಂದಿನಿಂದ ಸ್ನಾನಕ್ಕೆ, ಊಟಕ್ಕೆ, ರಾತ್ರಿಯ ನಿದ್ದೆಗೆ ಅದೇ ಹಾಡು. ದಿನಕ್ಕೊಂದು ಹೊಸ ಶಾಪ ಸೇರುತ್ತಿತ್ತು. ಕೆಲವು ವಾರಗಳಲ್ಲಿ ಮಿಥು ಸಾಲಿನ ಕೊನೆಗೆ ಕಾದು ಕೂತು 'ಜೋ ಜೋ' ಎನ್ನತೊಡಗಿದಳು. ಒಂದು ದಿನ ನಾನು ಬೇಕೆಂದೇ ಮೊದಲ ಪದ ಬಿಟ್ಟು ಸುಮ್ಮನಾದೆ. ಅವಳು ಸ್ಪಷ್ಟವಾಗಿ "ಪದ್ಮತ್ತೆ" ಎಂದಳು. ಮಗಳ ಮೊದಲ ಮಾತು ನನ್ನ ಶತ್ರುವಿನ ಹೆಸರು. ಖುಷಿಗೋ ಹೊಟ್ಟೆಕಿಚ್ಚಿಗೋ, ಗೊಳೋ ಎಂದು ಅತ್ತೆ. ನೀಲಮ್ಮ ಬಂದು ನನ್ನನ್ನು ಗದರಿಸಿ, ಮಿಥುವಿನ ಬಾಯಿಗೆ ಬೆಲ್ಲ ಹಾಕಿದರು. ಆಮೇಲೆ ಮಾತಿಗೆ ತಡೆಯಿರಲಿಲ್ಲ. ನಾನು ಅವ್ವ ಆದೆ, ಮನೆ ಮನಿ ಆಯಿತು.

ದಸರಾ ರಜೆ ಬಂತು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಶಿಷ್ಯೆಯರು ತುಂಬಿರುವ ಹೊತ್ತಿಗೇ ಹೋಗಬೇಕು, ಮಿಥು ಎಲ್ಲರೆದುರು ಹಾಡಬೇಕು, ಹಾಗಲಕಾಯಿ ಮೋರೆ ಇನ್ನಷ್ಟು ಹಾಗಲಕಾಯಿಯಾಗುವುದನ್ನು ನಾನು ನಿಂತು ನೋಡಬೇಕು. ಯಾದಗಿರಿಯಲ್ಲಿ ರೈಲು ಹತ್ತಿದಾಗಿನಿಂದ ಮಗುವಿಗೆ ಅದನ್ನೇ ತಾಲೀಮು ಮಾಡಿಸಿದೆ.

ಪಾಠ ನಡೆಯುತ್ತಿತ್ತು. ಇಷ್ಟು ತಿಂಗಳಲ್ಲಿ ಮುಖ ಮರೆತಿದ್ದ ಮಗುವಿಗೆ, ಇವರೇ ನೋಡು ಪದ್ಮತ್ತೆ ಎಂದು ತೋರಿಸಿದೆ. ಮಿಥುವಿನ ಮುಖ ಅರಳಿತು. ಓಡಿಹೋಗಿ ಅವರ ತೊಡೆಯೇರಿ, ತಲೆಯಿಟ್ಟು ಮಲಗಿ, "ಪದ್ಮತ್ತೆ, ಜೋ ಜೋ ಮಾಡ್ರಿ," ಎಂದಳು. ದಿನವೂ ನಿದ್ದೆ ತರುವ ಹೆಸರು ಅದು. ಮಗುವಿನ ಪಾಲಿಗೆ ಅಷ್ಟೇ.

ಅತ್ತಿಗೆಯ ಕಣ್ಣು ತುಂಬಿತು. ದಿನಾ ನನ್ನ ಹೆಸರು ಹೇಳಿಕೊಡುತ್ತಿದ್ದೆಯಾ ಎಂದು ಕೇಳಿದರು. ನಾನು ಚೀಲ ಬಿಚ್ಚುವ ನೆಪದಲ್ಲಿ ಬಗ್ಗಿದೆ. ಅವರು ಶುದ್ಧ ಶ್ರುತಿಯಲ್ಲಿ ಏನೋ ಹಾಡತೊಡಗಿದರು. ಮಿಥು ಅವರ ಬಾಯಿ ಮುಚ್ಚಿ, "ಅದಲ್ಲ. ಅವ್ವಂದು," ಎಂದು ರಚ್ಚೆ ಹಿಡಿದಳು. ಎಲ್ಲರೂ ನನ್ನತ್ತ ತಿರುಗಿದರು.

ಹಾಡಿದೆ. ಹಾಗಲಕಾಯಿ ಬಿಡಲಿಲ್ಲ, ಗೆದ್ದಲು ಬಿಡಲಿಲ್ಲ. ಶಿಷ್ಯೆಯರು ಕಿಸಕ್ಕೆಂದರು, ಆಮೇಲೆ ತಲೆ ತಗ್ಗಿಸಿದರು. ಅತ್ತಿಗೆಯ ಮುಖ ಕೆಂಪಾಯಿತು. ಆದರೆ ಮಗುವಿನ ಬೆನ್ನು ತಟ್ಟುತ್ತಿದ್ದ ಕೈ ನಿಲ್ಲಲಿಲ್ಲ. ಮಿಥು ನಿದ್ದೆ ಹೋದ ಮೇಲೆ ಅವರು ಮೆಲ್ಲಗೆ, "ಎರಡನೇ ಸಾಲಲ್ಲಿ ಶ್ರುತಿ ಬಿಟ್ಟೆ," ಎಂದರು.

"ಗೊತ್ತು ಅತ್ತಿಗೆ. ಇವಳ ಕಿವಿ ಕೆಟ್ಟಿಲ್ಲ," ಎಂದೆ.

ಎದ್ದ ಮಗು ನೀಲಜ್ಜಿ ಮನಿಗೆ ಹೋಗೂಣ ಎಂದು ಅತ್ತಿತು. ಶಹಾಪುರಕ್ಕೆ ಬಂದ ಮಾರನೆಯ ದಿನ ಪದ್ಮತ್ತೆ ಮನಿಗೆ ಹೋಗೂಣ ಎಂದು ಅತ್ತಿತು. ಯಾವ ಮನೆಗೆ ಹೋಗಬೇಕೆಂದು ನನ್ನನ್ನು ಯಾರೂ ಕೇಳುವುದಿಲ್ಲ.

ಈಗ ಭಾನುವಾರ ಮಧ್ಯಾಹ್ನ ಮೈಸೂರಿನಿಂದ ಫೋನು ಬರುತ್ತದೆ. ಮಿಥು ಅದನ್ನು ಕಿವಿಗಿಟ್ಟುಕೊಂಡು ಮಲಗುತ್ತಾಳೆ. ಈಚೆ ನೀಲಮ್ಮ ರೊಟ್ಟಿ ತಟ್ಟುತ್ತಿರುತ್ತಾರೆ. ಆಚೆಯಿಂದ ಪದ್ಮ ಅತ್ತಿಗೆ ಹಾಗಲಕಾಯಿ, ಗೆದ್ದಲು ಒಂದನ್ನೂ ಬಿಡದೆ, ಬೋನಾಳದ ಧಾಟಿಯಲ್ಲಿ, ನನ್ನ ಶಾಪವನ್ನು ನನಗಿಂತ ಚೆನ್ನಾಗಿ ಹಾಡುತ್ತಾರೆ. ಅದಕ್ಕೂ ನಾನು ಅವರನ್ನು ಕ್ಷಮಿಸಿಲ್ಲ.