ಮೈಕ್ ಆಚಾರ್ರು ಮತ್ತು ನಾನು ಬರೆದ ಸಾಲು

ಹೊಸಪೇಟೆಯಲ್ಲಿ ಶೀನಪ್ಪ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮೈಕ್ ಆಚಾರ್ರು ಎಂದರೆ ಕಂಪ್ಲಿಯ ಹೊಳೆದಂಡೆಯ ತನಕ ಎಲ್ಲರಿಗೂ ಗೊತ್ತು. ಡ್ಯಾಮಿನಿಂದ ಹೊಳೆಗೆ ನೀರು ಬಿಡುವ ಮುಂಚೆ ಆಟೋದಲ್ಲಿ ಮೈಕ್ ಹಿಡಿದು ಹೊಳೆಸಾಲಿನ ಊರುಗಳಿಗೆ ಎಚ್ಚರಿಕೆ ಹೇಳುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ. ನಾನು ಕಚೇರಿಯ ಗುಮಾಸ್ತ. ಏನು ಕೂಗಬೇಕೆಂದು ಬರೆದುಕೊಡುವುದು ನನ್ನ ಕೆಲಸ. ನಾನು ಬರೆದದ್ದನ್ನು ಅವನು ಒಂದು ದಿನವೂ ಇದ್ದ ಹಾಗೆ ಓದಲಿಲ್ಲ.

"ತಗ್ಗು ಪ್ರದೇಶದ ಸಾರ್ವಜನಿಕರು ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು" ಎಂದು ನಾನು ಬರೆದುಕೊಟ್ಟರೆ, ಅವನು ಕಂಪ್ಲಿ ಕೋಟೆಯ ಓಣಿಯಲ್ಲಿ ಆಟೋ ನಿಲ್ಲಿಸಿ, "ಕೊಟ್ರಯ್ಯ, ಮೋಟ್ರು ಎತ್ತೋ ತಮ್ಮಾ. ಮುದುಕಮ್ಮ, ಎಮ್ಮಿ ಬಿಚ್ಚು. ಸಂಜಿ ಒಳಗ ನೀರು ಬರ್ತಾವ" ಎನ್ನುತ್ತಿದ್ದ. ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರ ಹೆಸರೆಲ್ಲ ಅವನಿಗೆ ಬಾಯಿಪಾಠ. ಹೊಳೆ ಏರಿದರೆ ಮೊದಲು ಹೋಗುವುದು ಆ ಮೋಟಾರುಗಳೇ. ಅವನ್ನು ಬಿಚ್ಚಿ ಮೇಲಕ್ಕೆ ಎಳೆಯಲು ನಾಲ್ಕು ಜನಕ್ಕೆ ಅರ್ಧ ದಿನ ಬೇಕು. ಆಚಾರ್ರು ಹೆಸರು ಹಿಡಿದು ಕರೆದ ಮೇಲೆಯೇ ಆ ಜನ ಏಳುತ್ತಿದ್ದರು. ನನಗೆ ಇದು ಶಿಸ್ತಿಲ್ಲದ ಕೆಲಸವೆಂದು ಕಾಣುತ್ತಿತ್ತು. ಸಾಹೇಬರ ಹತ್ತಿರ ಒಮ್ಮೆ ಚಾಡಿಯನ್ನೂ ಹೇಳಿದ್ದೆ.

ಮೂರು ವರ್ಷದ ಹಿಂದೆ ಅವನ ಗಂಟಲಲ್ಲಿ ಗಡ್ಡೆ ಎದ್ದಿತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಲ್ಲಿಂದ ಮುಂದೆ ಅವನ ಮಾತೆಲ್ಲ ಕೈಯ ಸ್ಲೇಟಿನ ಮೇಲೆ. ಕಂಪ್ಯೂಟರ್ ಕಲಿಸುವ ಮಗಳು ಮೇಧಾ ಅಪ್ಪನ ಹಳೆಯ ರೆಕಾರ್ಡುಗಳನ್ನು ಒಟ್ಟುಮಾಡಿ ಅವನ ದನಿಯನ್ನು ಮತ್ತೆ ಕಟ್ಟಿದಳು. ನಾವು ಬರೆದದ್ದನ್ನು ಆ ದನಿ ಆಟೋ ಮೈಕಿನಲ್ಲಿ ಓದುತ್ತಿತ್ತು, ಅಕ್ಷರ ತಪ್ಪದ ಹಾಗೆ. ಮೊದಲ ಸಲ ಕೇಳಿದಾಗ ಹೆಂಡತಿ ಗಂಗಾಬಾಯಿ ಒಳಗೆ ಹೋಗಿ ಅತ್ತರು. ಶೀನಪ್ಪ ಸ್ಲೇಟಿನ ಮೇಲೆ ಬರೆದ: "ದನಿ ನಂದ. ಆದ್ರ ಇಂವಾ ಯಾರ ಮನಿಗೂ ಹೋಗಿಲ್ಲ." ನಾನು ನಕ್ಕೆ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ಕೊನೆಗೂ ನಾನು ಬರೆದದ್ದು ಬರೆದ ಹಾಗೆ ಊರಿಗೆ ಕೇಳುತ್ತಿತ್ತಲ್ಲ.

ಹೋದ ಮಳೆಗಾಲದಲ್ಲಿ ಯಾರೋ ಪುಣ್ಯಾತ್ಮರು ಡ್ಯಾಮೇ ಒಡೆದುಹೋದಂತೆ ಒಂದು ನಕಲಿ ವಿಡಿಯೊ ಮಾಡಿ ಫೋನಿಗೆ ಬಿಟ್ಟರು. ಕೋಟೆಯ ಜನ ಗಂಟುಮೂಟೆ ಹೊತ್ತು ಓಡಿದರು. ಕೊಟ್ರಯ್ಯ ತಾಯಿಯನ್ನು ಬೆನ್ನ ಮೇಲೆ ಹೊತ್ತು ಶಾಲೆಯ ತನಕ ಬಂದಿದ್ದ. ಆಮೇಲೆ ಚಹದಂಗಡಿಯಲ್ಲಿ ತಿಂಗಳುಗಟ್ಟಲೆ ಅವನನ್ನು ಆಡಿಕೊಂಡರು. ನಮ್ಮ ಕಚೇರಿಯಿಂದ ಮನೆಮನೆಗೆ ಕರಪತ್ರ ಹಂಚಿದೆವು: "ಕೃತಕವಾಗಿ ತಯಾರಿಸಿದ್ದನ್ನು ನಂಬಬೇಡಿ." ಅದನ್ನು ಬರೆದವನೂ ನಾನೇ.

ಆಮೇಲೆ ಸರ್ಕಾರದ ನಿಯಮ ಬಂತು. ಕಂಪ್ಯೂಟರಿನಲ್ಲಿ ಹುಟ್ಟಿಸಿದ ಚಿತ್ರಕ್ಕೂ ದನಿಗೂ ಗುರುತು ಇರಬೇಕು, ದನಿಯಾದರೆ ಆರಂಭದಲ್ಲೇ ಹೇಳಬೇಕು. ಅದು ಫೋನಿನಲ್ಲಿ, ಇಂಟರ್ನೆಟ್ಟಿನಲ್ಲಿ ಹರಿದಾಡುವುದಕ್ಕೆ, ಆಟೋ ಮೈಕಿಗಲ್ಲ ಎಂದು ಮೇಧಾ ಹೇಳಿದಳು. ಸಾಹೇಬರು ಒಪ್ಪಲಿಲ್ಲ. "ಎಲ್ಲಾದಕ್ಕೂ ಹಾಕಿಬಿಡ್ರಿ. ನಾಳೆ ಮ್ಯಾಲಿನವರು ಕೇಳಿದ್ರ ಯಾರು ಉತ್ತರ ಕೊಡ್ತಾರ?" ನಾನು ಬರೆದೆ: "ಗಮನಿಸಿ. ಇದು ಕೃತಕವಾಗಿ ತಯಾರಿಸಿದ ಧ್ವನಿ." ಸಾಲು ಅಚ್ಚುಕಟ್ಟಾಗಿತ್ತು. ಸಾಹೇಬರು ಮೆಚ್ಚಿದರು.

ಈ ವರ್ಷ ಆಗಸ್ಟಿನಲ್ಲಿ ಒಳಹರಿವು ಏರಿತು, ಗೇಟು ಎತ್ತಿದರು. ಮಧ್ಯಾಹ್ನ ಕೋಟೆಯ ಓಣಿಯಲ್ಲಿ, ಶೀನಪ್ಪ ಇಲ್ಲದೆ ಅವನ ದನಿಯನ್ನಷ್ಟೇ ಹಾಕಿಕೊಂಡು ಆಟೋ ಹೋಯಿತು. ಕೊಟ್ರಯ್ಯ ಜಗುಲಿಯ ಮೇಲೆ ರೊಟ್ಟಿ ತಿನ್ನುತ್ತಿದ್ದ. ಆಚಾರ್ರ ದನಿ ಕೇಳಿ ಅರ್ಧ ಎದ್ದನಂತೆ. ಮೊದಲ ಸಾಲು ಕೇಳಿ ಮತ್ತೆ ಕುಳಿತನಂತೆ. "ಸುಳ್ಳಂತ ಅದ ಹೇಳಾಕತ್ತೈತಿ. ಈ ಸಲ ನಾ ಓಡಾಂವಲ್ಲ" ಎಂದು ಹೆಂಡತಿ ಜಂಬಮ್ಮನಿಗೆ ಹೇಳಿ ಊಟ ಮುಂದುವರಿಸಿದ. ಸಂಜೆ ನೀರು ಬಾಳೆತೋಟಕ್ಕೆ ನುಗ್ಗಿದಾಗ ಮೋಟಾರ್ ಉಳಿಸಲು ಒಬ್ಬನೇ ಓಡಿದ. ಎರಡು ದಿನದ ಮೇಲೆ ಹೆಣ ಸಿಕ್ಕಿತು.

ಮಣ್ಣು ಮುಗಿದ ಮರುದಿನ ಶೀನಪ್ಪ ನನ್ನನ್ನು ಕರೆದುಕೊಂಡು ಕಂಪ್ಲಿಗೆ ಹೋದ. ಜಂಬಮ್ಮ ಅಳುತ್ತಿರಲಿಲ್ಲ.

"ನೀವು ಕರದಿದ್ರ ಬರ್ತಿದ್ದ ಆಚಾರ್ರ" ಎಂದಳು. "ದನಿ ನಿಮ್ಮದ ಇತ್ತು. ಆದ್ರ ನಿಮ್ಮದಲ್ಲಂತ ಅದ ಹೇಳ್ತು. ನಾವು ನಂಬಿದ್ವಿ."

ಶೀನಪ್ಪ ಸ್ಲೇಟು ತೆಗೆದ. ಏನೂ ಬರೆಯದೆ ಮತ್ತೆ ಚೀಲಕ್ಕೆ ಹಾಕಿದ. ಆ ಸಾಲು ಬರೆದವನು ನಾನೆಂದು ಅವನಿಗೆ ಗೊತ್ತಿತ್ತು. ಜಂಬಮ್ಮನಿಗೆ ಅವನು ತಿಳಿಸಲಿಲ್ಲ, ನಾನೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ನಿಯಮ ತಪ್ಪೆಂದು ನಾನು ಹೇಳಲಾರೆ. ನಕಲಿ ವಿಡಿಯೊ ನೋಡಿ ಮಕ್ಕಳನ್ನು ಎಳೆದುಕೊಂಡು ಓಡಿದವರನ್ನು ಕಣ್ಣಾರೆ ಕಂಡಿದ್ದೇನೆ. ಆದರೆ "ದನಿ ಯಂತ್ರದ್ದು, ಸುದ್ದಿ ಖರೆ" ಎಂದು ನಾಲ್ಕು ಪದ ಸೇರಿಸುವುದು ನನಗೆ ಹೊಳೆಯಲಿಲ್ಲವಲ್ಲ. ಈಗ ದಿನವೂ ಹೊಳೆಯುತ್ತದೆ.

ಮನೆಗೆ ಬಂದವನೇ ಶೀನಪ್ಪ ಮಗಳ ಮುಂದೆ ಸ್ಲೇಟು ಹಿಡಿದ: "ಅಳಿಸಿಬಿಡವ್ವ." ಮೇಧಾ ಎದುರಾಡದೆ ಅಪ್ಪನ ದನಿಯನ್ನು ಅಳಿಸಿದಳು. ಕಚೇರಿಗೆ ಬೇರೆ ಯಾವುದೋ ಹೆಣ್ಣುದನಿ ಬಂತು. ಅದಕ್ಕೂ ಅದೇ ಮೊದಲ ಸಾಲು. ಆ ನಾಲ್ಕು ಪದ ಸೇರಿಸಬೇಕೆಂದು ನಾನಿಟ್ಟ ಕಡತ ಇನ್ನೂ ಸಾಹೇಬರ ಮೇಜಿನ ಮೇಲಿದೆ.

ಸೆಪ್ಟೆಂಬರಿನಲ್ಲಿ ಮತ್ತೆ ಗೇಟು ಎತ್ತಿದಾಗ ಯಾರೂ ಕರೆಯದಿದ್ದರೂ ಶೀನಪ್ಪ ಆಟೋ ಹತ್ತಿದ. ನಾನೂ ಹತ್ತಿದೆ. ಕೋಟೆಯಲ್ಲಿ ಅವನು ಪಂಪ್‌ಸೆಟ್ ಇದ್ದವರ ಮನೆ ಬಂದಲ್ಲೆಲ್ಲ ಇಳಿದು ಬಾಗಿಲ ಮುಂದೆ ಸುಮ್ಮನೆ ನಿಂತ. ಮೈಕಿನ ಕಡೆ ಯಾರೂ ಕಿವಿಗೊಡಲಿಲ್ಲ. ಅವನ ಮುಖ ನೋಡಿ ಹಗ್ಗ ಹೆಗಲಿಗೆ ಹಾಕಿಕೊಂಡು ದಂಡೆಗೆ ನಡೆದರು.

ಕೊಟ್ರಯ್ಯನ ಮನೆ ಬಂತು. ಆಟೋ ಮುಂದೆ ಹೋಗಲೆಂದು ನಾನು ಕೈಸನ್ನೆ ಮಾಡಿದೆ. ಶೀನಪ್ಪ ಅಲ್ಲಿಯೂ ಇಳಿದು ನಿಂತ. ಜಂಬಮ್ಮ ಹೊಸ್ತಿಲಿಗೆ ಬಂದಳು.

"ನಮ್ಮ ಮನ್ಯಾಗ ಎತ್ತಾಕ ಏನೂ ಉಳದಿಲ್ರಿ ಆಚಾರ್ರ" ಎಂದಳು. "ಮುಂದಿನ ಮನಿಗೆ ಹೋಗ್ರಿ. ಅಲ್ಲಿ ಗಂಡ್ಮಕ್ಕಳು ಅದಾರ."