ರಟ್ಟಿನಡಿಯ ಕೈಗಳು

ಬೀದಿಗೆಲ್ಲ ಅವಳು ಫ್ರೇಮಕ್ಕ. ಮದುವೆ ಫೋಟೋ, ಸತ್ತವರ ಫೋಟೋ, ಮಕ್ಕಳ ಸರ್ಟಿಫಿಕೇಟು, ಯಾವುದನ್ನೇ ತನ್ನಿ, ಮೂವತ್ತು ವರ್ಷದಿಂದ ಕಟ್ಟು ಹಾಕಿಕೊಟ್ಟವಳು ಅವಳೇ. ಬಾಯಿ ಜೋರು, ಕೆಲಸ ಇನ್ನೂ ಜೋರು. ಆದರೆ ಅವಳ ಕೈಗಳನ್ನು ಕಂಡವರಿಲ್ಲ. ಹದಿನೆಂಟಕ್ಕೆ ಬೆರಳ ತುದಿಯಲ್ಲಿ ಶುರುವಾದ ತೊನ್ನು ಮೊಣಕೈವರೆಗೆ ಹಬ್ಬಿತ್ತು. ಮೇಲೆ ತುಂಬುತೋಳಿನ ರವಿಕೆ, ಹತ್ತಿಯ ಕೈಗವಸು. ಯಾರಾದರೂ ಕೇಳಿದರೆ, "ಗಾಜಿಗೆ ಬೆರಳಚ್ಚು ಬೀಳಬಾರದಲ್ಲಪ್ಪಾ!" ತಂಗಿಯ ಮದುವೆಯಲ್ಲಿ ಚಿಕ್ಕಮ್ಮ "ನೀನು ಎದುರಿಗೆ ಬರಬೇಡ" ಎಂದಳಲ್ಲ, ಅಂದಿನಿಂದ ಹತ್ತು ಜನ ಸೇರುವ ಕಡೆ ಇವಳು ತಲೆಹಾಕಿದ್ದಿಲ್ಲ.

ಬೀದಿಯ ಕೊನೆಮನೆಯ ಚಿತ್ರಗಾರ್ತಿ ತನ್ನ ಮೊದಲ ಪ್ರದರ್ಶನಕ್ಕೆಂದು ಇಪ್ಪತ್ತೆರಡು ಚಿತ್ರ ತಂದಿದ್ದಳು. ಅದೊಂದು ಬೇರೆಯೇ ಲೋಕ. ಕುಂಟ ನರಿ ದಾಟಲೆಂದು ಹೊಳೆಯೇ ನಿಂತು ಕಾಯುತ್ತದೆ, ಬೋಳು ಮರಕ್ಕೆ ಹಕ್ಕಿಗಳೇ ಎಲೆಯಾಗಿ ಕೂರುತ್ತವೆ, ಯಾರೂ ಯಾರನ್ನೂ 'ನೀನ್ಯಾಕೆ ಹೀಗೆ' ಎನ್ನುವುದಿಲ್ಲ.

"ಈ ಊರಿಗೆ ಬಸ್ ಎಲ್ಲಿ ಸಿಗುತ್ತಮ್ಮಾ?" ಎಂದು ಫ್ರೇಮಕ್ಕ ನಕ್ಕಿದ್ದಳು.

ಪ್ರದರ್ಶನದ ದಿನ, ಬಾಗಿಲು ತೆರೆಯಲು ಮೂರು ತಾಸಿರುವಾಗ, ಚಿತ್ರಗಾರ್ತಿ ಎಲ್ಲಕ್ಕಿಂತ ದೊಡ್ಡ ಚಿತ್ರವನ್ನು ಏದುಸಿರು ಬಿಡುತ್ತ ಅಂಗಡಿಗೆ ವಾಪಸು ಹೊತ್ತು ತಂದಳು.

"ಅಕ್ಕಾ, ಇವಳ ಕೈಗಳೆಲ್ಲಿ?"

ಕಾಡಿನ ಹೆಂಗಸೊಬ್ಬಳು ಎರಡೂ ಕೈ ಚಾಚಿ ನಿಂತ ಚಿತ್ರ. ಆ ಕೈಗಳ ತುಂಬ ಬಿಳಿ ಮಚ್ಚೆ, ಮಚ್ಚೆಗಳ ಮೇಲೆ ಚಿಟ್ಟೆಗಳು. ಗಾಜಿನಡಿಯಲ್ಲಿ ಚಿತ್ರದ ಸುತ್ತ ಅಂಚಾಗಿ ಕೂರಿಸುವ ರಟ್ಟು ಎರಡೂ ಬದಿ ಮೂರು ಬೆರಳು ಹೆಚ್ಚು ಒಳಗೆ ಬಂದು ಅಷ್ಟನ್ನೂ ನುಂಗಿತ್ತು.

"ಅಳತೆ ತಪ್ಪಿರಬೇಕು" ಎಂದಳು ಫ್ರೇಮಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗಿದ್ದವು. ಅಳತೆಯಂತೆ ಅಳತೆ! ನೂಲಿನೆಳೆಯಷ್ಟೂ ತಪ್ಪದವಳು. ಗೆರೆ ಎಳೆಯುವಾಗ 'ಪಾಪ, ಇವಳನ್ನು ಜನ ನೋಡದಿರಲಿ' ಎಂದು ಮನಸ್ಸು ಅಂದಿತ್ತು, ಆ ಕೈಗಳನ್ನು ಕಣ್ಣು ಸರಿಯಾಗಿ ನೋಡುವ ಮೊದಲೇ ಸ್ಕೇಲು ಒಳಗೆ ಸರಿದಿತ್ತು. ಈಗ ತನಗೇ ನಾಚಿಕೆಯಾಯಿತು.

"ಕೂತ್ಕೋ. ಕಮ್ಮಿ ಕತ್ತರಿಸಿದ್ದಕ್ಕೆ ಮದ್ದಿದೆ. ಹೆಚ್ಚು ಕತ್ತರಿಸಿದ್ದಿದ್ರೆ ಇಬ್ರೂ ಅಳಬೇಕಿತ್ತು."

ಮೊಳೆ ಕಿತ್ತು ಗಾಜು ಇಳಿಸಿದಳು. ಕೈಗವಸಿನಲ್ಲಿ ಬ್ಲೇಡು ಜಾರುತ್ತಿತ್ತು. ಹಾಳಾಗಿ ಹೋಗಲಿ ಎಂದು ಕಳಚಿ ಬರಿಗೈಯಲ್ಲೇ ಕತ್ತರಿಸಿದಳು. ಚಿತ್ರದ ಕೈಗಳು ಹೊರಬಂದವು. ಎಡಹೆಬ್ಬೆರಳ ಬುಡದಲ್ಲಿ ಬಿಳಿ ಅರ್ಧಚಂದ್ರ, ಅದರ ಪಕ್ಕದಲ್ಲೇ ಗಾಜು ಕೊಯ್ದ ಹಳೇ ಗಾಯ. ಫ್ರೇಮಕ್ಕ ಬ್ಲೇಡು ಕೆಳಗಿಟ್ಟು ತನ್ನ ಎಡಗೈ ನೋಡಿಕೊಂಡಳು.

"ಕಳೆದ ವರ್ಷ ನಲ್ಲಿ ಹತ್ರ ನೀವು ಕೈ ತೊಳೀತಿದ್ರಿ" ಎಂದಳು ಚಿತ್ರಗಾರ್ತಿ. "ಅವತ್ತೇ ಹೋಗಿ ಇದನ್ನ ಶುರುಮಾಡಿದೆ. ಉಳಿದ ಇಪ್ಪತ್ತೊಂದೂ ಇದರಿಂದಲೇ ಬಂದದ್ದು. ಹೇಳೋ ಧೈರ್ಯ ಬರಲಿಲ್ಲ. ಕೇಳದೆ ಬರೆದೆ, ತಪ್ಪಾಯ್ತು. ಬೇಡ ಅಂದ್ರೆ ಗೋಡೆಗೆ ಹಾಕಲ್ಲ ಅಕ್ಕಾ."

ಫ್ರೇಮಕ್ಕನ ಕಣ್ಣು ತುಂಬಿ ಬಂತು. ಈ ಕೈಗಳನ್ನು ಯಾರಾದರೂ ಇಷ್ಟು ಹೊತ್ತು, ಇಷ್ಟು ಅಕ್ಕರೆಯಿಂದ ನೋಡಿದ್ದುಂಟೇ?

"ಕೇಳಿದ್ದಿದ್ರೆ ಪೊರಕೆ ತಗೊಂಡು ಓಡಿಸ್ತಿದ್ದೆ. ಕೇಳದೇ ಇದ್ದು ದೊಡ್ಡ ಉಪಕಾರ ಮಾಡ್ದೆ ಕಣೇ" ಎಂದಳು. "ಹಿಡಿ ಆ ಕಡೆ. ಇದನ್ನ ಗೋಡೆಗೆ ನಾನೇ ಹಾಕ್ತೀನಿ. ಜನ ಬರೋ ಹೊತ್ತಿಗೆ ಇದರ ಪಕ್ಕದಲ್ಲೇ ನಿಂತಿರ್ತೀನಿ."