ಒಂದೇ ಎಳೆತಕ್ಕೆ ಬಿಡುವ ಹೊಲಿಗೆ

ತರಬೇತಿ ಮುಗಿಸಿದವರ ಪರೇಡಿನಲ್ಲಿ ಸೆಲ್ಯೂಟ್ ಹೊಡೆದ ಹುಡುಗನ ಅಂಗಿತೋಳು ಭುಜದಿಂದ ಕಿತ್ತು ನೇತಾಡಿತು. ನೆರೆದವರೆಲ್ಲ ನಕ್ಕರು. ಡ್ರಿಲ್ ಅಧಿಕಾರಿ ಹೊಲಿಗೆ ಕೋಣೆಗೆ ನುಗ್ಗಿ, ಆ ವಾಯುಪಡೆ ಶಾಲೆಯಲ್ಲೇ ಆಯುಸ್ಸು ಸವೆಸಿದ್ದ ದರ್ಜಿಯ ಕೊರಳಪಟ್ಟಿ ಹಿಡಿದು ಮುಖವನ್ನು ಯಂತ್ರಕ್ಕೆ ಕುಕ್ಕಿದ. ಹುಬ್ಬು ಸೀಳಿ ರಕ್ತ ಸುರಿಯಿತು.

"ಎಲ್ಲರೆದುರು ಮಾನ ಹರಾಜು ಹಾಕ್ಬಿಟ್ಯಲ್ಲೋ ಮುದುಕಾ. ಕೈಗೇನು ಲಕ್ವ ಹೊಡೆದಿತ್ತಾ?"

"ತಪ್ಪಾಯ್ತು ಸಾಹೇಬ್ರೇ. ವಿಮಾನ ಹಾರ್ಸೋರ ಅಂಗಿಗೆ ಹಾಕೋ ಸಡಿಲ ಹೊಲಿಗೆ, ರೂಢಿ ಮೇಲೆ ಇದಕ್ಕೂ ಬಿದ್ದೋಯ್ತು."

"ಹಾರ್ಸೋರ ಅಂಗಿಗೆ ಸಡಿಲ ಯಾಕೋ?"

ದರ್ಜಿ ರಕ್ತ ಒರೆಸಿಕೊಳ್ಳಲಿಲ್ಲ.

"ಮೊದಲೆಲ್ಲ ಇಲ್ಲಿ ದಿನವಿಡೀ ವಿಮಾನ ಹಾರ್ತಿದ್ವು, ಬೀಳ್ತಾನೂ ಇದ್ವು. ಆಗ ಗಟ್ಟಿಯಾಗೇ ಹೊಲೀತಿದ್ದೆ. ಒಂದಿನ, ಉರೀತಿದ್ದ ಹುಡುಗನ ಅಂಗಿ ಕಿತ್ತು ತೆಗೆಯೋಕೆ ತೋಳು ಹಿಡಿದು ಎಳೆದೆ. ಹೊಲಿಗೆ ಬಿಡಲಿಲ್ಲ. ಚರ್ಮ ಬಿಡ್ತು."